ಅಚ್ಚುಕೂಟದಿಂದ ಲಾಂಛನದವರೆಗೆ: ಕನ್ನಡ ಅಕ್ಷರವಿನ್ಯಾಸದ ಹಿನ್ನೋಟ

ಅಕ್ಷರ, ಚಿತ್ರ ಮತ್ತು ಬಣ್ಣಗಳನ್ನು ಒಂದು ಉದ್ದೇಶಕ್ಕೆ ತಕ್ಕಂತೆ ಹೊಂದಿಸುವ ವಿದ್ಯೆಯನ್ನು ಗ್ರಾಫಿಕ್ ವಿನ್ಯಾಸ ಎನ್ನುತ್ತಾರೆ. ಈ ವಿದ್ಯೆ ಕಲಿಯುವ ವಿದ್ಯಾರ್ಥಿಗೆ ಇಂದಿನ ಕಲಾಶಾಲೆಗಳಲ್ಲಿ ಪುಸ್ತಕ ಅಥವಾ ಪತ್ರಿಕೆಯ ಮುದ್ರಣ, ಕಥೆಗೆ ಚಿತ್ರ ಬರೆಯುವುದು, ಸರಕಿಗೆ ಹೆಸರು ಮತ್ತು ಲಾಂಛನ ರೂಪಿಸುವುದು ಎಂಬ ಮೂರು ಬಗೆಯ ಯೋಜನೆಗಳನ್ನು ಬೇರೆ ಬೇರೆಯಾಗಿ ಕೊಡುವುದುಂಟು. ಭಾರತದಲ್ಲಿ ವಿನ್ಯಾಸಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಅಹಮದಾಬಾದಿನಲ್ಲಿ ಹುಟ್ಟಿದ್ದು 1961ರಲ್ಲಿ. ಆದರೆ ಈ ಮೂರೂ ಕೆಲಸಗಳು ಕನ್ನಡ ನಾಡಿನಲ್ಲಿ ಅದಕ್ಕೂ ಬಹಳ ಮೊದಲೇ ನಡೆದಿದ್ದವು, ಮತ್ತು ಅವುಗಳ ಹಿಂದೆ ಕನ್ನಡದ ದುಂಡು ಅಕ್ಷರವನ್ನು ಲೋಹದಲ್ಲಿ ಹೇಗೆ ನಿಲ್ಲಿಸಬೇಕು ಎಂಬ ಒಂದೇ ಕಠಿಣ ಪ್ರಶ್ನೆಯಿತ್ತು.

ಅಚ್ಚು ಬರುವ ಮೊದಲು ಕನ್ನಡ ಬರಹಕ್ಕೆ ಆಧಾರವಾಗಿದ್ದವು ಓಲೆಗರಿ ಮತ್ತು ಕಡತ. ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಮಸಿ ಸವರುತ್ತಿದ್ದರು; ಕಡತವೆಂದರೆ ಕಪ್ಪು ಬಳಿದು ಮಡಿಸಿದ ಬಟ್ಟೆಯಾಗಿದ್ದು, ಅದರ ಮೇಲೆ ಬಳಪದಿಂದ ಬರೆಯಲಾಗುತ್ತಿತ್ತು. ಇಂಥ ಬರಹದಲ್ಲಿ ಲಿಪಿಕಾರನು ಒತ್ತಕ್ಷರವನ್ನು, ಅಂದರೆ ವ್ಯಂಜನದ ಕೆಳಗೆ ಸೇರುವ ಇನ್ನೊಂದು ವ್ಯಂಜನದ ರೂಪವನ್ನು, ಜಾಗವಿದ್ದಷ್ಟು ಹಿಗ್ಗಿಸಬಹುದಿತ್ತು, ಇಲ್ಲವೇ ಕುಗ್ಗಿಸಬಹುದಿತ್ತು. ಅಚ್ಚಿನ ಮೊಳೆಗೆ ಆ ಸ್ವಾತಂತ್ರ್ಯವಿರಲಿಲ್ಲ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಿ, ಅದನ್ನು ತಾಮ್ರದ ತುಂಡಿಗೆ ಹೊಡೆದು ಗುಳಿ ಮಾಡಿ, ಆ ಗುಳಿಗೆ ಸೀಸ ಬೆರೆತ ಲೋಹವನ್ನು ಕರಗಿಸಿ ಸುರಿದಾಗ ಒಂದು ಮೊಳೆ ಸಿದ್ಧವಾಗುತ್ತಿತ್ತು. ಹಾಗೆ ಎರಕವಾದ ಮೊಳೆಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುವುದು ಸುಲಭವಾದರೂ ಒಂದರ ಕೆಳಗೊಂದು ಕೂರಿಸುವುದು ಸುಲಭವಾಗಿರಲಿಲ್ಲ.

ಈ ಸಮಸ್ಯೆಯನ್ನು ಮೊದಲು ಎದುರಿಸಿದವು ಕನ್ನಡ ನಾಡಿನ ಹೊರಗಿನ ಅಚ್ಚುಕೂಟಗಳು. ಬಂಗಾಳದ ಶ್ರೀರಾಂಪುರದಲ್ಲಿ ಭಾರತದ ಹಲವು ಲಿಪಿಗಳ ಮೊಳೆಗಳನ್ನು ಎರಕ ಹೊಯ್ಯುವ ಕಾರ್ಯಾಗಾರವಿತ್ತು. 1812ರ ಬೆಂಕಿಯಲ್ಲಿ ಅಲ್ಲಿನ ಮೊಳೆಗಳು ಕರಗಿಹೋದವಾದರೂ ಅವುಗಳನ್ನು ಮತ್ತೆ ಎರೆಯಲು ಬೇಕಾದ ಪಡಿಯಚ್ಚುಗಳು ಅವಶೇಷಗಳ ನಡುವೆ ಉಳಿದಿದ್ದರಿಂದ ಕೆಲಸ ನಿಲ್ಲಲಿಲ್ಲ, ಮತ್ತು ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಕನ್ನಡ ಮಾತನಾಡುವ ನೆಲದಲ್ಲಿ ಬಳ್ಳಾರಿಯ ಲಂಡನ್ ಮಿಷನ್ ಅಚ್ಚುಕೂಟವು ಈ ಕೆಲಸವನ್ನು ಮುಂದುವರಿಸಿತು.

ಮಂಗಳೂರಿನ ಬಾಸೆಲ್ ಮಿಷನ್ ಹಿಡಿದದ್ದು ಬೇರೆಯದೇ ದಾರಿ. 1834ರಲ್ಲಿ ಅಲ್ಲಿಗೆ ಬಂದ ಮಿಷನ್ 1841ರಲ್ಲಿ ಆರಂಭಿಸಿದ್ದು ಕಲ್ಲಚ್ಚಿನ ಮುದ್ರಣಾಲಯ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬ ಗುಣವೇ ಕಲ್ಲಚ್ಚಿನ ತಳಹದಿ: ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಬಳಿಕ ಮುದ್ರಣದ ಮಸಿ ಹಚ್ಚಿದರೆ ಬರೆದ ಭಾಗ ಮಾತ್ರ ಮಸಿಯನ್ನು ಹಿಡಿಯುತ್ತದೆ. ಇದರಲ್ಲಿ ಮೊಳೆಯ ಹಂಗಿಲ್ಲದ ಕಾರಣ ಲಿಪಿಕಾರನ ಕೈಬರಹ ಒತ್ತು, ಕೊಂಬು, ದೀರ್ಘಗಳ ಸಮೇತ ಹಾಗೆಯೇ ಕಾಗದಕ್ಕೆ ಇಳಿಯುತ್ತಿತ್ತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದದ್ದು ಈ ವಿಧಾನದಲ್ಲೇ, ಮತ್ತು ಕರ್ನಾಟಕದಲ್ಲಿ ಆ ದಿನವನ್ನು ಇಂದಿಗೂ ಪತ್ರಿಕಾ ದಿನವೆಂದು ಆಚರಿಸಲಾಗುತ್ತದೆ. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮೊಳೆ ಅಚ್ಚಿಗೆ ಬದಲಾಯಿತಾದರೂ ಮಂಗಳೂರಿನಲ್ಲಿ ಕಲ್ಲಚ್ಚು ನಿಲ್ಲಲಿಲ್ಲ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದ ಹಳೆಯ ಕೃತಿಗಳನ್ನು ಮೋಗ್ಲಿಂಗ್ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲೇ ಪ್ರಕಟಿಸಿದ.

1851ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಕುಶಲಕರ್ಮಿ ಮಂಗಳೂರಿಗೆ ಹೊಸ ಕನ್ನಡ ಮೊಳೆಗಳನ್ನು ತಂದ ಮೇಲೆ ಅಲ್ಲಿಯೂ ಮೊಳೆ ಅಚ್ಚು ನೆಲೆಯೂರಿತು. ಕಾಗುಣಿತದ ರೂಪಗಳು, ಬಿಡಿ ಒತ್ತುಗಳು, ಏತ್ವ, ವಟ್ರಸುಳಿ, ಅರ್ಕಾವೊತ್ತು ಎಲ್ಲವೂ ಸೇರಿ ಕನ್ನಡದ ಮೊಳೆಪೆಟ್ಟಿಗೆಯಲ್ಲಿ ನೂರಾರು ಮನೆಗಳು ಬೇಕಾಗುತ್ತಿದ್ದವು, ಮತ್ತು ಯಾವ ಮೊಳೆ ಎಲ್ಲಿದೆಯೆಂಬುದನ್ನು ಕಣ್ಣಿಟ್ಟು ಹುಡುಕದೆ ಕೈಯಿಂದಲೇ ತಿಳಿಯುವ ಮಟ್ಟಕ್ಕೆ ಮೊಳೆ ಜೋಡಿಸುವವನು ಪಳಗಬೇಕಾಗಿತ್ತು. ಒತ್ತಿಗೆ ಜಾಗ ಬಿಡುವ ಸಲುವಾಗಿ ಸಾಲುಗಳ ನಡುವಿನ ಅಂತರ ಹಿಗ್ಗಿತು. ಒತ್ತು ಮೂಲಾಕ್ಷರದ ನೇರ ಕೆಳಗೆ ಕೂರದೆ ಬಲಕ್ಕೆ ಸರಿದು ನಿಲ್ಲುವ ರೂಪ ಅಚ್ಚಿನಲ್ಲಿ ರೂಢಿಯಾಯಿತು. ಈ ಶ್ರಮದ ಶಿಖರವೆಂದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು. ಸುಮಾರು 70,000 ಶಬ್ದಗಳಿರುವ ಆ ಗ್ರಂಥದಲ್ಲಿ ಕನ್ನಡ ಶಬ್ದ, ಅದರ ರೋಮನ್ ಲಿಪ್ಯಂತರ ಮತ್ತು ಇಂಗ್ಲಿಷ್ ಅರ್ಥಗಳು ಒಂದಕ್ಕೊಂದು ತಾಗಿಕೊಂಡು ಸಾಗುತ್ತವೆ. ಎರಡು ಲಿಪಿಗಳನ್ನು ಓದುಗನ ಕಣ್ಣಿಗೆ ಗೊಂದಲವಾಗದಂತೆ ಒಂದೇ ಪುಟದಲ್ಲಿ ಹೊಂದಿಸುವುದು ಇಂದಿಗೂ ವಿನ್ಯಾಸದ ವಿದ್ಯಾರ್ಥಿಗೆ ಕಷ್ಟದ ಪಾಠವೇ ಆಗಿದೆ.

ಮೊಳೆ ಅಚ್ಚು ಅಕ್ಷರವನ್ನೂ ಚಿತ್ರವನ್ನೂ ಬೇರ್ಪಡಿಸಿತು. ಕಲ್ಲಿನ ಮೇಲೆ ಒಂದೇ ಮಸಿಯಲ್ಲಿ ಬರೆಯಬಹುದಾಗಿದ್ದ ಇವೆರಡರಲ್ಲಿ ಚಿತ್ರವನ್ನು ಈಗ ಮರದಲ್ಲಿ ಕೆತ್ತಿ ಅಥವಾ ಲೋಹದಲ್ಲಿ ಕೊರೆದು ‘ಬ್ಲಾಕ್’ ಮಾಡಿಸಿ ಮೊಳೆಗಳ ನಡುವೆ ಕೂರಿಸಬೇಕಾಯಿತು. ಬ್ಲಾಕಿನ ಖರ್ಚು ಹೆಚ್ಚಾಗಿದ್ದುದರಿಂದ, ಕಡಿಮೆ ಗೆರೆಗಳಲ್ಲಿ ಹೆಚ್ಚು ಹೇಳುವ ರೇಖಾಚಿತ್ರ ಪತ್ರಿಕೆಗಳಿಗೆ ಒಗ್ಗಿತು. 1942ರಲ್ಲಿ ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆ ಇಂಥ ರೇಖೆಗೆ ದೊಡ್ಡ ಆಶ್ರಯವಾಯಿತು. ಮುಂದೆ ದೇಶವೇ ಬಲ್ಲ ವ್ಯಂಗ್ಯಚಿತ್ರಕಾರರಾದ ಮೈಸೂರಿನ ಆರ್. ಕೆ. ಲಕ್ಷ್ಮಣ್ ತಮ್ಮ ಎಳೆಯ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದಿದ್ದರು.

ಸರಕಿನ ಗುರುತಿನ ಇತಿಹಾಸವೂ ಇದೇ ಅಚ್ಚುಕೂಟದ ನಂಟನ್ನು ಹೊಂದಿದೆ. ಮೊಳೆಗಳನ್ನು ತಂದ ಪ್ಲೆಬ್ಸ್ಟನೇ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಕಟ್ಟಿದ. ಹಸಿ ಜೇಡಿಯನ್ನು ಅಚ್ಚಿನಲ್ಲಿ ಒತ್ತುವಾಗಲೇ ಕಾರ್ಖಾನೆಯ ಹೆಸರು, ಊರು ಮತ್ತು ಇಸವಿ ಹೆಂಚಿನ ಮೈಮೇಲೆ ಮೂಡುತ್ತಿದ್ದವು. ಕರಾವಳಿಯಲ್ಲಿ ಮುಂದೆ ಹುಟ್ಟಿದ ಕಾರ್ಖಾನೆಗಳೂ ತಮ್ಮ ತಮ್ಮ ಗುರುತುಗಳನ್ನು ಒತ್ತಿದವು, ಮತ್ತು ಕೊಳ್ಳುವವರು ಆ ಗುರುತನ್ನು ನೋಡಿಯೇ ಹೆಂಚಿನ ಗುಣವನ್ನು ಅಳೆದರು. ಮೈಸೂರು ಸಂಸ್ಥಾನದಲ್ಲಿ ಈ ಕಲೆ ಇನ್ನಷ್ಟು ಬೆಳೆಯಿತು. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಅದೇ ಎಣ್ಣೆಯಿಂದ ರಸಾಯನಶಾಸ್ತ್ರಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ರೂಪಿಸಿದ ಮೈಸೂರು ಸ್ಯಾಂಡಲ್ ಸಾಬೂನಿಗೆ ಅಂಡಾಕಾರ, ಒಡವೆಪೆಟ್ಟಿಗೆಯನ್ನು ಹೋಲುವ ಡಬ್ಬಿ ಮತ್ತು ಸಿಂಹದ ಒಡಲಿಗೆ ಆನೆಯ ತಲೆಯಿರುವ ಶರಭದ ಲಾಂಛನ ಸೇರಿದವು. ಪುರಾಣ ಮತ್ತು ಶಿಲ್ಪಗಳಲ್ಲಿ ಜನರು ಕಂಡಿದ್ದ ಒಂದು ರೂಪವನ್ನೇ ಲಾಂಛನಕ್ಕೆ ಆರಿಸಿಕೊಂಡದ್ದರಿಂದ ಆ ಗುರುತು ನೂರು ವರ್ಷ ಕಳೆದರೂ ಹಳತಾಗಿಲ್ಲ.

ಮೊಳೆಯ ಯುಗವನ್ನು ಕಂಪ್ಯೂಟರ್ ಮುಗಿಸಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಾಗೂ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗಳಿಂದಾಗಿ ಒತ್ತಕ್ಷರವನ್ನು ಎಲ್ಲಿ ಬೇಕಾದರೂ ಕೂರಿಸುವ ಸ್ವಾತಂತ್ರ್ಯ ಅಕ್ಷರಗಾರನಿಗೆ ಮರಳಿ ಸಿಕ್ಕಿತು. ಆದರೂ ಇಂದಿನ ಅನೇಕ ಫಾಂಟ್‌ಗಳು, ಅಂದರೆ ಕಂಪ್ಯೂಟರಿನ ಅಕ್ಷರಗುಚ್ಛಗಳು, ಸೀಸದ ಮೊಳೆಯ ಕಾಲದ ರೂಢಿಗಳನ್ನೇ ಅನುಸರಿಸುತ್ತಿವೆ. ಪೇಟೆಯ ಫಲಕಗಳಲ್ಲಿ ರೋಮನ್ ಅಕ್ಷರದ ನೇರ ಗೆರೆಗಳಿಗೆ ಹೊಂದಿಸಲು ಕನ್ನಡದ ದುಂಡನ್ನು ಚಪ್ಪಟೆ ಮಾಡುವುದೂ ಉಂಟು. ಮುದ್ರಣ, ಚಿತ್ರ ಮತ್ತು ಲಾಂಛನಗಳ ಈ ಪರಂಪರೆಯನ್ನು ಅರಿಯದೆ ಮಾಡಿದ ವಿನ್ಯಾಸ ಎರವಲು ವಿನ್ಯಾಸವಾಗಿಯೇ ಉಳಿಯುತ್ತದೆ. ಆದ್ದರಿಂದ ಕನ್ನಡ ನಾಡಿನ ವಿನ್ಯಾಸಶಾಲೆಗಳು ತಮ್ಮ ವಿದ್ಯಾರ್ಥಿಗಳಿಗೆ ಪರದೇಶದ ಮಾದರಿಗಳನ್ನು ತೋರಿಸುವ ಮೊದಲು ಮಂಗಳೂರಿನ ಬಲ್ಮಠದಲ್ಲಿ ಕಾಪಾಡಿಕೊಂಡು ಬಂದಿರುವ ಹಳೆಯ ಮುದ್ರಿತ ಪುಸ್ತಕಗಳನ್ನು ತೋರಿಸಬೇಕು, ಮತ್ತು ಓಲೆಗರಿಯ ಅಕ್ಷರವನ್ನು ಆಧರಿಸಿ ಹೊಸ ಕನ್ನಡ ಅಕ್ಷರಗುಚ್ಛವೊಂದನ್ನು ರೂಪಿಸುವ ಕೆಲಸವನ್ನು ಪಠ್ಯದ ಮೊದಲ ಯೋಜನೆಯಾಗಿ ಕೊಡಬೇಕು.