ಕೂದಲೆಳೆಯ ಸೀಳಿನಲ್ಲಿ ಕಂಡ ಸೂರ್ಯ

ಗ್ರಹಣವೆಂದರೆ ನಮ್ಮವರಿಗೆ ಸ್ನಾನ, ಜಪ, ನೀರಿನ ಕೊಡದ ಮೇಲಿನ ದರ್ಭೆ ನೆನಪಾಗುತ್ತವೆ. ವಿಜ್ಞಾನದ ಚರಿತ್ರೆಯನ್ನು ಓದುವ ಹವ್ಯಾಸದ ನನಗೆ ಎರಡು ಊರುಗಳು ನೆನಪಾಗುತ್ತವೆ. ನಾನಿರುವ ತಂಬ್ರಹಳ್ಳಿಯಿಂದ ವಾಯವ್ಯಕ್ಕೆ ಜಮಖಂಡಿ. ಈಶಾನ್ಯಕ್ಕೆ ಸಿಂಧನೂರು ತಾಲ್ಲೂಕಿನ ಜವಳಗೇರಾ. ಒಂದರಲ್ಲಿ 1868ರ ಆಗಸ್ಟ್ 18ರಂದು, ಇನ್ನೊಂದರಲ್ಲಿ 1980ರ ಫೆಬ್ರವರಿ 16ರಂದು, ಪೂರ್ಣಗ್ರಹಣದ ಕತ್ತಲಲ್ಲಿ ಸೂರ್ಯನ ಬೆಳಕನ್ನು ಬಿಡಿಸಿ ನೋಡಲಾಯಿತು. ಎರಡೂ ಕಡೆ ಕೆಲಸ ನಿಂತದ್ದು ಒಂದೇ ಮಾತಿನ ಮೇಲೆ: ಯಂತ್ರದ ನೋಟ ನಿಚ್ಚಳವಾಗಿದೆಯೆ?

ಆ ಯಂತ್ರ ರೋಹಿತದರ್ಶಕ. ಬೆಳಕು ಮೊದಲು ಕೂದಲೆಳೆಯಂಥ ಒಂದು ಸೀಳಿನಲ್ಲಿ ನುಗ್ಗುತ್ತದೆ. ಒಂದು ಮಸೂರ ಅದನ್ನು ಸಮಾಂತರ ಕಿರಣಗಳನ್ನಾಗಿ ಮಾಡುತ್ತದೆ. ಮುಮ್ಮೂಲೆಯ ಗಾಜು ಅದನ್ನು ಬಣ್ಣಬಣ್ಣವಾಗಿ ಹರಡುತ್ತದೆ. ಕೊನೆಯಲ್ಲಿ ಕಿರುದೂರದರ್ಶಕವೋ ಕ್ಯಾಮರಾವೋ ಅದನ್ನು ಹಿಡಿಯುತ್ತದೆ. ಕ್ಯಾಮರಾ ಇಟ್ಟರೆ ಅದೇ ರೋಹಿತಲೇಖಿ. ನಾವು ಕಾಣುವ ಪ್ರತಿಯೊಂದು ರೇಖೆಯೂ ಆ ಸೀಳಿನದೇ ಬಿಂಬ. ಆದ್ದರಿಂದ ಸೀಳು ಗಾಜಿನ ಅಂಚಿಗೆ ಸಮಾಂತರವಾಗಿ ನಿಲ್ಲಬೇಕು. ಮಸೂರ ತಕ್ಕ ದೂರದಲ್ಲಿರಬೇಕು. ಕೆಂಪು ಮತ್ತು ನೀಲಿ ಒಂದೇ ದೂರದಲ್ಲಿ ಕೂಡುವುದಿಲ್ಲವಾದ್ದರಿಂದ ಛಾಯಾಫಲಕವನ್ನು ಓರೆಯಾಗಿಯೂ ಇಡಬೇಕಾಗುತ್ತದೆ. ಸರಿಯಾದ ಜಾಗ ಒಮ್ಮೆಗೇ ಸಿಕ್ಕುವುದಿಲ್ಲ. ತಿರುಪನ್ನು ಚೂರು ಚೂರೇ ತಿರುಗಿಸಿ, ಹಗಲ ಬೆಳಕಿನ ಕಪ್ಪು ಗೆರೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ, ಅತ್ಯಂತ ತೆಳ್ಳಗೆ ಕಂಡ ಜಾಗದಲ್ಲಿ ಬಿಗಿಯಬೇಕು.

ಜಮಖಂಡಿಗೆ ಬಂದವನು ಭೂಮಾಪನ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಲಂಡನ್ನಿನ ರಾಯಲ್ ಸೊಸೈಟಿ ಕಳುಹಿಸಿದ ಉಪಕರಣಗಳಿಂದ ದಕ್ಷಿಣಾಕಾಶದ ನೀಹಾರಿಕೆಗಳನ್ನು ನೋಡಿ ಮೊದಲೇ ಕೈ ಪಳಗಿಸಿಕೊಂಡಿದ್ದ. ಆದರೆ ಆಗಸ್ಟ್ ಮಳೆಗಾಲ. ಗ್ರಹಣದ ವೇಳೆಗೆ ಮೋಡ ಕವಿಯಿತು. ಮೋಡದ ಬಿರುಕಿನಲ್ಲಿ ಸಿಕ್ಕಿದ ಅಲ್ಪ ಹೊತ್ತಿನಲ್ಲೇ ಸೂರ್ಯನ ಅಂಚಿನ ಅಗ್ನಿಜಿಹ್ವೆಯೊಂದರ ಬಿಂಬವನ್ನು ಸೀಳಿನ ಮೇಲೆ ಕೂರಿಸಿದ. ಕಂಡದ್ದು ಮೂರು ಹೊಳೆವ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಸೂರ್ಯನ ಈ ಜ್ವಾಲೆಗಳು ಉರಿಯುವ ಅನಿಲವೆಂಬುದು ಅದರಿಂದ ಸ್ಪಷ್ಟವಾಯಿತು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕೂಡ ಇದೇ ತೀರ್ಮಾನಕ್ಕೆ ಬಂದಿದ್ದ.

ಕಿತ್ತಳೆ ಗೆರೆ ಯಾವುದು? ಹರ್ಷೆಲ್ ಅದನ್ನು ಸೋಡಿಯಂನ ಡಿ ಗೆರೆಯೆಂದೇ ಬಗೆದ; ಆದರೆ ತನ್ನ ಉಪಕರಣ ನಿರ್ಣಯಿಸಬಲ್ಲ ಮಟ್ಟಿಗೆ ಮಾತ್ರ, ಎಂಬ ಎಚ್ಚರಿಕೆಯನ್ನೂ ಸೇರಿಸಿದ. ಆ ಎಚ್ಚರಿಕೆ ಸಾರ್ಥಕವಾಯಿತು. ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದೆಯೇ ಆ ಗೆರೆಯನ್ನು ಕಂಡು, ಅದು ಸೋಡಿಯಂನದಲ್ಲವೆಂದು ಗುರುತಿಸಿದ. ಎರಡರ ಅಂತರ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಆ ಕಿರು ಅಂತರದಲ್ಲಿ ಅಡಗಿದ್ದುದು ಹೀಲಿಯಂ ಎಂಬ ಹೊಸ ಮೂಲವಸ್ತು. ಭೂಮಿಯ ಮೇಲೆ ಅದನ್ನು ರಾಮ್ಸೆ ಹಿಡಿದದ್ದು 1895ರಲ್ಲಿ.

ಇನ್ನು ಜವಳಗೇರಾ. 1980ರ ಆ ಇಳಿಹಗಲು ನಮ್ಮ ಕಡೆ ಬಾಗಿಲುಗಳು ಮುಚ್ಚಿದ್ದವು, ಬೀದಿಯಲ್ಲಿ ನರಪಿಳ್ಳೆಯಿರಲಿಲ್ಲ. ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ವೈನು ಬಪ್ಪು ಮತ್ತು ಅವರ ಸಂಗಡಿಗರು ಮಾತ್ರ ಬಯಲಿನಲ್ಲಿ ಬಹುಸೀಳಿನ ರೋಹಿತಲೇಖಿಯನ್ನು ಹೂಡಿ ಕಾದಿದ್ದರು. ದೊರೆತ ಕತ್ತಲು ಮೂರು ನಿಮಿಷಕ್ಕೂ ಕಡಿಮೆ. ಅವರಿಗೆ ಬೇಕಾದದ್ದು ಸೂರ್ಯನ ಪ್ರಭಾವಲಯದಲ್ಲಿರುವ ಕಬ್ಬಿಣದ ಕೆಂಪು ಗೆರೆ ಎಷ್ಟು ಅಗಲವೆಂಬ ಲೆಕ್ಕ. ಪರಮಾಣುಗಳು ಕಾದಷ್ಟೂ, ತಳಮಳಿಸಿದಷ್ಟೂ ಗೆರೆ ಅಗಲವಾಗುತ್ತದೆ. ಆದರೆ ಕ್ಯಾಮರಾದ ನಾಭಿ ತಪ್ಪಿದರೂ ಗೆರೆ ಅಗಲವಾಗುತ್ತದೆ! ತಿರುಪಿನ ತಪ್ಪು ಸೂರ್ಯನ ತಾಪವಾಗಿ ಕಾಗದದ ಮೇಲೆ ಮೂಡೀತು. ಅದಕ್ಕೇ ಇಂಥ ಕೆಲಸದಲ್ಲಿ ಅಗಲ ಗೊತ್ತಿರುವ ದೀಪದ ಗೆರೆಯನ್ನು ಅದೇ ಯಂತ್ರದಲ್ಲಿ ಅಳೆದು, ಯಂತ್ರದ ಪಾಲನ್ನು ಕಳೆದು, ಉಳಿದದ್ದನ್ನಷ್ಟೇ ಸೂರ್ಯನ ಲೆಕ್ಕಕ್ಕೆ ಬರೆಯುತ್ತಾರೆ.

ಆ ತಂಡದ ಜಗದೇವ್ ಸಿಂಗ್ ಮುಂದೆ ಆದಿತ್ಯ-ಎಲ್1 ನೌಕೆಯ ಕರೋನಾದರ್ಶಕದ ಯೋಜನೆಯಲ್ಲಿಯೂ ದುಡಿದರು. ಅದು ಸಿದ್ಧವಾದದ್ದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ. ಅದರ ರೋಹಿತಲೇಖಿಗೆ ನಾಲ್ಕು ಸೀಳುಗಳು. 2023ರ ಸೆಪ್ಟೆಂಬರ್ 2ರಂದು ಹೊರಟ ನೌಕೆ 2024ರ ಜನವರಿ 6ರಂದು, ಭೂಮಿಯಿಂದ ಸುಮಾರು ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ಪಥವನ್ನು ಸೇರಿತು. ಅಲ್ಲಿಗೆ ಹೋಗಿ ತಿರುಪು ಬಿಗಿಯುವವರು ಯಾರೂ ಇಲ್ಲ. ಸರಿಪಡಿಸುವುದೆಲ್ಲ ಇಲ್ಲಿಯೇ, ಧೂಳಿಲ್ಲದ ಕೋಣೆಯಲ್ಲಿ, ಮೊದಲೇ ಮುಗಿಯಬೇಕಿತ್ತು.

ಚರಿತ್ರೆಯ ಪುಸ್ತಕಗಳು ಹೀಲಿಯಂ ಕಂಡವರ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ, ಅದು ನ್ಯಾಯವೇ. ಆದರೆ ಹರ್ಷೆಲನ ಆ ಒಂದು ಷರತ್ತಿಗೂ ಅದರ ಪಕ್ಕದಲ್ಲಿ ಜಾಗವಿರಬೇಕೆಂದು ನನಗನ್ನಿಸುತ್ತದೆ. ಕಂಡದ್ದನ್ನು ಹೇಳಲು ಕಣ್ಣು ಸಾಕು. ಎಷ್ಟರ ಮಟ್ಟಿಗೆ ಕಂಡಿತೆಂದು ಹೇಳಲು ಪ್ರಾಮಾಣಿಕತೆ ಬೇಕು.