ರಂಗಸ್ಥಳಕ್ಕೆ ಸಭಿಕರ ಆಹ್ವಾನವು

ಆಟವು ವೇಷಧಾರಿಗಳದು, ನೋಟವು ಸಭಿಕರದು ಎಂಬ ವಿಭಾಗವು ನಮ್ಮ ನಾಡಿನಲ್ಲಿ ಪ್ರಾಚೀನವಾದುದಲ್ಲ. ದೊಡ್ಡಬಳ್ಳಾಪುರ, ನೆಲಮಂಗಲಗಳನ್ನೊಳಗೊಂಡ ಮೂಡಲ ಸೀಮೆಯ ಮೂಡಲಪಾಯದಲ್ಲಿ ಹೊಲವನ್ನುಳುವ ಗ್ರಾಮಸ್ಥರೇ ಭಾಗವತನಿಂದ ಪದಗಳನ್ನು ಕಲಿತು ಅರಸರಾಗಿ ನಿಲ್ಲುವರು. ಹನುಮನಾಯಕನೆಂಬ ಹಾಸ್ಯಗಾರನಾದರೋ ಅರಸನೊಡನೆಯೂ ಮಾತನಾಡುವನು, ಸಭೆಯೊಡನೆಯೂ ಮಾತನಾಡುವನು.

ವೀರಗಾಸೆಯಲ್ಲಿ ಈ ಸಂಬಂಧವು ಇನ್ನೂ ಗಾಢವಾದುದು. ದಕ್ಷಯಜ್ಞದ ವೃತ್ತಾಂತವನ್ನು ಒಡಪುಗಳಿಂದ ಸಾರುತ್ತ ಕುಣಿತವು ನಡೆಯುತ್ತಿರಲು, ಹರಕೆ ಹೊತ್ತ ಭಕ್ತನು ನೆರೆದವರ ನಡುವಿನಿಂದ ಮುಂದೆ ಬಂದು ಶಸ್ತ್ರವನ್ನು ಹಾಕಿಸಿಕೊಳ್ಳುವನು. ಅವನನ್ನು ಕೈಹಿಡಿದು ಎಳೆದವರಿಲ್ಲ. ಸಂಕಲ್ಪವು ಮನೆಯಲ್ಲಿಯೇ ಆಗಿರುವುದು.

ಯಾವ ಸಂಕಲ್ಪವೂ ಇಲ್ಲದೆ ಸುಮ್ಮನೆ ನೋಡಬಂದವರನ್ನು ಕರೆಯುವ ಬಗೆ ಹೇಗೆ? ಬ್ರೆಜಿಲ್ ದೇಶದ ಅಗಸ್ಟೋ ಬೋಆಲ್ (1931–2009) ಎಂಬವರಿಗೆ ಇದಕ್ಕೆ ಉತ್ತರವು ದೊರೆತುದು 1973ರಲ್ಲಿ, ಪೆರು ದೇಶದಲ್ಲಿ. ಅಲ್ಲಿಯವರೆಗೆ ಸಭಿಕರು ಸಲಹೆ ಹೇಳುವರು, ನಟರು ಅದನ್ನು ಆಡಿ ತೋರಿಸುವರು. ಒಬ್ಬ ಸ್ತ್ರೀಯು ಮಾತ್ರ, ನಟರು ಎಷ್ಟು ಸಲ ಆಡಿದರೂ ತನ್ನ ಅಭಿಪ್ರಾಯವು ಅದಲ್ಲವೆಂದಳು. ಹಾಗಾದರೆ ತಾವೇ ಬಂದು ತೋರಿಸಬೇಕೆಂದು ಬೋಆಲರು ಆಹ್ವಾನಿಸಿದರು, ಆಕೆ ಬಂದಳು. ಇದರಿಂದ ಹುಟ್ಟಿದ ಪದ್ಧತಿಯಲ್ಲಿ ಅನ್ಯಾಯದ ಕಥೆಯೊಂದನ್ನು ಮೊದಲು ಆದ್ಯಂತವಾಗಿ ತೋರಿಸುವರು. ಎರಡನೆಯ ಸಲ ಆಡುವಾಗ ಸಭಿಕನೊಬ್ಬನು ‘ನಿಲ್ಲಿಸಿ’ ಎಂದು ಕೂಗಿ, ನಟನ ಸ್ಥಾನದಲ್ಲಿ ನಿಂತು ಕಥೆಯನ್ನು ಬೇರೆಡೆಗೆ ತಿರುಗಿಸಬಹುದು. ನಮ್ಮ ಹನುಮನಾಯಕನನ್ನು ಹೋಲುವ ಸೂತ್ರಧಾರನೊಬ್ಬನು ಉಭಯರ ಮಧ್ಯೆ ಇರುವನು.

ಕರ್ಣಾಟಕದಲ್ಲಿ 1975ರಲ್ಲಿ ಸ್ಥಾಪಿತವಾದ ‘ಸಮುದಾಯ’ ತಂಡವು ನಾಟಕವನ್ನು ಬೀದಿಗೆ ತಂದಿತು. 1977ರ ಬಿಹಾರದ ದಲಿತರ ಹತ್ಯೆಯನ್ನು ಕುರಿತ ‘ಬೆಲ್ಚಿ’ಯನ್ನು ಜನರು ಸುತ್ತುಗಟ್ಟಿ ನಿಂತು ನೋಡಿದರು. ರಂಗದ ಎತ್ತರವೇನೋ ಹೋಯಿತು. ಆದರೆ ವೃತ್ತದ ಅಂಚಿನಲ್ಲಿ ನಿಂತವನು ಒಳಗೆ ಕಾಲಿಡುವುದು ಬೇರೆಯೇ ಸಂಗತಿ.

ಹಳ್ಳಿಯಲ್ಲಿ ಇದು ವಿನೋದದ ಮಾತಲ್ಲ. ಜಮೀನುದಾರನು ಮುಂದೆ ಕುಳಿತಿರುವಾಗ ಕೂಲಿಯವನನ್ನು ಹೆಸರು ಹಿಡಿದು ಕರೆದು, ದಣಿಗೆ ಎದುರುತ್ತರ ಕೊಡುವ ಪಾತ್ರವನ್ನು ಮಾಡೆಂದರೆ, ನಾಟಕವು ಮುಗಿದ ಮರುದಿನ ಅವನ ಕೂಲಿಯ ಗತಿಯೇನು? ಅತ್ತೆಯ ಸಮಕ್ಷಮದಲ್ಲಿ ಸೊಸೆಯನ್ನು ಕರೆದರೂ ಹಾಗೆಯೇ. ಬಾರದಿದ್ದರೆ ನಗೆಪಾಟಲು, ಬಂದರೆ ಮನೆಯಲ್ಲಿ ಜಗಳ! ಆದುದರಿಂದ ಬಲ್ಲ ಸೂತ್ರಧಾರನು ಆಟಕ್ಕೆ ಮೊದಲೇ ನಿಯಮವನ್ನು ಸಾರುವನು. ಒಬ್ಬರನ್ನು ಬೊಟ್ಟು ಮಾಡದೆ ಸಮಸ್ತ ಸಭೆಯನ್ನು ಕರೆಯುವನು. ಕುಳಿತಲ್ಲಿಂದಲೇ ಮಾತು ಹೇಳುವವರಿಗೂ ಅವಕಾಶ ಕೊಡುವನು. ಬಂದವರು ನಡುವೆಯೇ ಹಿಂದಿರುಗಿದರೆ ತಡೆಯಲಾಗದು. ಯಾರೂ ಏಳದಿದ್ದರೆ ಕೆಲಹೊತ್ತು ಕಾದು, ನಟರೇ ಆಟವನ್ನು ಮುಂದುವರಿಸುವರು.