ಎದಿ ನೋವು ಅಂದ್ರ ಬರೇ ಗ್ಯಾಸ್ ಅಲ್ಲ: ಹೃದಯ ಹ್ಯಾಂಗ ನಡೀತದ, ಎಲ್ಲಿ ಕೆಡ್ತದ, ಮೊದಲ ತಾಸಿನಾಗ ಏನು ಮಾಡಬೇಕು?

ಕಲಬುರಗಿ: ಎದೆ ಹಿಡಿದಂತಾಗಿ ಮೈ ಬೆವರಿದರೆ ಈ ಭಾಗದಲ್ಲಿ ಮೊದಲು ಬರುವ ಮಾತು ಒಂದೇ, 'ಗ್ಯಾಸ್ ಆಗ್ಯದ, ಒಂದು ಸೋಡಾ ಕುಡೀರಿ'. ಸೋಡಾ ಆಯಿತು, ಮೆಡಿಕಲ್ ಅಂಗಡಿಯ ಗುಳಿಗೆ ಆಯಿತು, ಎದೆಗೆ ಮುಲಾಮು ತಿಕ್ಕಿದ್ದೂ ಆಯಿತು. ಅಷ್ಟರಲ್ಲಿ ಎರಡು ಮೂರು ತಾಸು ಕಳೆದಿರುತ್ತದೆ. ಆಮೇಲೆ ಗಾಡಿ ಹುಡುಕಬೇಕು. ಆಳಂದ ಇಲ್ಲವೇ ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ., ಅಫಜಲಪುರದಿಂದ ಸುಮಾರು 60 ಕಿ.ಮೀ. ಅದು ಗ್ಯಾಸೇ ಆಗಿದ್ದರೆ ನಷ್ಟವೇನಿಲ್ಲ. ಹಾರ್ಟ್ ಅಟ್ಯಾಕ್ ಆಗಿದ್ದರೆ, ಅಷ್ಟು ಹೊತ್ತಿನಲ್ಲಿ ಸತ್ತ ಹೃದಯದ ಸ್ನಾಯು ಮತ್ತೆ ಬೆಳೆಯುವುದಿಲ್ಲ.

ಹಾಗಾಗಿ ಹೃದಯ ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಬರುವ ಸಾಮಾನ್ಯ ಕಾಯಿಲೆಗಳು ಯಾವುವು, ಎದೆನೋವು ಬಂದಾಗ ತಾಲೂಕಿನಲ್ಲಿ ಇರುವವರು ಮೊದಲು ಎಲ್ಲಿಗೆ ಹೋಗಬೇಕು ಎಂಬುದರ ಪೂರ್ಣ ಮಾಹಿತಿ ಇಲ್ಲಿದೆ.

ಮುಷ್ಟಿಯಷ್ಟು ಮೋಟಾರ್

ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು 250ರಿಂದ 350 ಗ್ರಾಂ. ಎದೆಯ ನಡುವೆ, ಸ್ವಲ್ಪ ಎಡಕ್ಕೆ ವಾಲಿಕೊಂಡು ಕೂತಿರುತ್ತದೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ 60ರಿಂದ 100 ಸಲ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ನಿಮಿಷ ಸುಮಾರು 5 ಲೀಟರ್ ರಕ್ತ ಮುಂದೆ ತಳ್ಳುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 7 ಸಾವಿರ ಲೀಟರ್ ದಾಟುತ್ತದೆ, ಅಂದರೆ ದೊಡ್ಡದೊಂದು ನೀರಿನ ಟ್ಯಾಂಕರ್.

ಇದರಲ್ಲಿ ನಾಲ್ಕು ಕೋಣೆ ಇವೆ. ಮೇಲಿನ ಎರಡಕ್ಕೆ ಹೃತ್ಕರ್ಣ, ಕೆಳಗಿನ ಎರಡಕ್ಕೆ ಹೃತ್ಕುಕ್ಷಿ ಎಂದು ಹೆಸರು. ಮೈಯೆಲ್ಲ ಸುತ್ತಿ ಬಂದ, ಆಮ್ಲಜನಕ ಕಡಿಮೆಯಾದ ರಕ್ತ ಬಲಗಡೆ ಕೋಣೆಗೆ ಬರುತ್ತದೆ. ಬಲಭಾಗ ಅದನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡಗಡೆಗೆ ಬರುತ್ತದೆ. ಎಡಗಡೆಯ ಕೆಳಕೋಣೆ ಅದನ್ನು ಮಹಾಪಧಮನಿಯ ಮೂಲಕ ತಲೆಯಿಂದ ಕಾಲಬೆರಳಿನವರೆಗೆ ತಳ್ಳುತ್ತದೆ. ಒಂದೇ ಗೂಡಿನಲ್ಲಿ ಎರಡು ಪಂಪು ಅಂದುಕೊಂಡರೆ ಸರಿ.

ರಕ್ತ ಹಿಂದಕ್ಕೆ ಬರದಂತೆ ತಡೆಯಲು ನಾಲ್ಕು ಕವಾಟ, ಅಂದರೆ ವಾಲ್ವ್‌ಗಳಿವೆ. ಬಡಿತದ ಹೊತ್ತು ಗೊತ್ತುಮಾಡಲು ಬಲ ಮೇಲ್ಕೋಣೆಯಲ್ಲೇ ಒಂದು ಸಣ್ಣ ವಿದ್ಯುತ್ ಕೇಂದ್ರವಿದೆ. ಇನ್ನೊಂದು ಮುಖ್ಯ ವಿಷಯ: ಹೃದಯದೊಳಗೆ ಎಷ್ಟೇ ರಕ್ತ ತುಂಬಿದ್ದರೂ ಅದರ ಗೋಡೆ ಆ ರಕ್ತವನ್ನು ನೇರವಾಗಿ ಹೀರಿಕೊಳ್ಳುವುದಿಲ್ಲ. ಹೃದಯದ ಹೊರಮೈ ಮೇಲೆ ಹರಡಿದ ಮೂರು ಮುಖ್ಯ ರಕ್ತನಾಳಗಳೇ ಅದಕ್ಕೆ ಆಹಾರ ಒದಗಿಸುತ್ತವೆ. ಇವಕ್ಕೆ ಕೊರೊನರಿ ನಾಳಗಳು ಎನ್ನುತ್ತಾರೆ.

ಹೊಲದ ಪಂಪ್‌ಸೆಟ್ ಕೆಟ್ಟರೆ ರೈತರು ಪೈಪ್ ಕಟ್ಟಿದೆಯೋ, ಫುಟ್‌ವಾಲ್ವ್ ಸೋರುತ್ತಿದೆಯೋ, ಕರೆಂಟಿನದೋ, ಮೋಟಾರಿನದೇ ಬಲ ಹೋಗಿದೆಯೋ ಅಂತ ನೋಡುತ್ತಾರೆ. ಹೃದಯದ ಕಾಯಿಲೆಗಳನ್ನೂ ಹೀಗೇ ನಾಲ್ಕಾಗಿ ತಿಳಿದುಕೊಳ್ಳಬಹುದು.

1. ಪೈಪ್ ಕಟ್ಟುವುದು: ಬ್ಲಾಕ್ ಮತ್ತು ಹಾರ್ಟ್ ಅಟ್ಯಾಕ್

ವರ್ಷಗಟ್ಟಲೆ ಬಿಪಿ, ಸಕ್ಕರೆ, ತಂಬಾಕು, ಕೊಲೆಸ್ಟರಾಲ್ ಸೇರಿ ಕೊರೊನರಿ ನಾಳದ ಒಳಗೋಡೆಯಲ್ಲಿ ಕೊಬ್ಬು ಕೂರಿಸುತ್ತವೆ. ದಾರಿ ಕಿರಿದಾದಾಗ ಕೂತಲ್ಲಿ ತೊಂದರೆ ಕಾಣುವುದಿಲ್ಲ. ಮೆಟ್ಟಿಲು ಹತ್ತಿದಾಗ, ಚೀಲ ಎತ್ತಿದಾಗ, ಊಟ ಮಾಡಿ ನಡೆದಾಗ ಎದೆ ಹಿಂಡಿದಂತಾಗುತ್ತದೆ. ಐದು ನಿಮಿಷ ನಿಂತರೆ ಕಡಿಮೆಯಾಗುತ್ತದೆ. ಇದಕ್ಕೆ ಆಂಜೈನಾ ಎನ್ನುತ್ತಾರೆ. ಇದು ಮುಂಚೆಯೇ ಬಂದ ನೋಟಿಸ್. 'ನಿಂತ್ರ ಹೋಗ್ತದಲ್ಲ, ಮತ್ಯಾಕ ದವಾಖಾನಿ' ಅನ್ನುವಂತಿಲ್ಲ.

ಒಂದು ದಿನ ಆ ಕೊಬ್ಬಿನ ಪದರ ಬಿರುಕು ಬಿಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ನಾಳ ಪೂರ್ತಿ ಮುಚ್ಚಿದರೆ ಆಚೆಯ ಸ್ನಾಯು ಸಾಯತೊಡಗುತ್ತದೆ. ಇದೇ ಹಾರ್ಟ್ ಅಟ್ಯಾಕ್, ಹೃದಯಾಘಾತ. ಸಣ್ಣ ಬ್ಲಾಕ್ ಕೂಡ ಹೀಗೆ ಬಿರುಕು ಬಿಡಬಹುದು. ಆದ್ದರಿಂದ 'ಹೋದ ತಿಂಗಳ ಇಸಿಜಿ ನಾರ್ಮಲ್ ಇತ್ತು' ಎಂಬುದು ಈ ತಿಂಗಳಿಗೆ ಗ್ಯಾರಂಟಿ ಅಲ್ಲ.

2. ವಾಲ್ವ್ ಕೆಡುವುದು

ಚಿಕ್ಕ ವಯಸ್ಸಿನಲ್ಲಿ ಪದೇ ಪದೇ ಗಂಟಲು ನೋವು, ಜ್ವರ ಬಂದು, ಸರಿಯಾದ ಔಷಧ ಸಿಗದಿದ್ದರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ದೊಡ್ಡ ಕೀಲುಗಳು ಒಂದಾದ ಮೇಲೊಂದು ಊದಿ ನೋಯುತ್ತವೆ. ಕೀಲು ವಾಸಿಯಾಗುತ್ತದೆ, ಆದರೆ ವಾಲ್ವ್‌ಗೆ ಆದ ಗಾಯ ಉಳಿಯುತ್ತದೆ. ಹತ್ತಿಪ್ಪತ್ತು ವರ್ಷದ ನಂತರ ದಮ್ಮು ಕಾಣಿಸುತ್ತದೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಇದು ಗರ್ಭಿಣಿಯಾದಾಗಲೇ ಮೊದಲು ಗೊತ್ತಾಗುತ್ತದೆ. ಇಂಥವರಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಹೇಳಿದ್ದರೆ, 'ಆರಾಮ ಆಗ್ಯದ' ಅಂತ ನಡುವೆ ಬಿಡಬಾರದು.

3. ಕರೆಂಟ್ ತಪ್ಪುವುದು

ಬಡಿತ ತೀರಾ ನಿಧಾನವಾದರೆ ತಲೆ ತಿರುಗಿ ಬೀಳುತ್ತಾರೆ. ಕೆಲವರಿಗೆ ಪೇಸ್‌ಮೇಕರ್ ಕೂರಿಸಬೇಕಾಗುತ್ತದೆ. ಬಡಿತ ಅಡ್ಡಾದಿಡ್ಡಿಯಾದರೆ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು, ಲಕ್ವಾ ಹೊಡೆಯಬಹುದು.

ಹಾರ್ಟ್ ಅಟ್ಯಾಕ್ ಮತ್ತು ಕಾರ್ಡಿಯಾಕ್ ಅರೆಸ್ಟ್ ಒಂದೇ ಅಲ್ಲ. ಅಟ್ಯಾಕ್ ಎಂದರೆ ರಕ್ತನಾಳ ಮುಚ್ಚುವುದು. ವ್ಯಕ್ತಿ ಎಚ್ಚರವಿದ್ದು ಮಾತಾಡುತ್ತಿರುತ್ತಾನೆ. ಅರೆಸ್ಟ್ ಎಂದರೆ ಬಡಿತವೇ ನಿಲ್ಲುವುದು. ವ್ಯಕ್ತಿ ಕುಸಿದು ಬೀಳುತ್ತಾನೆ, ಉಸಿರು ಇರುವುದಿಲ್ಲ. ಅಟ್ಯಾಕ್ ಆದ ಮೊದಲ ಕೆಲವು ತಾಸಿನಲ್ಲಿ ಅರೆಸ್ಟ್ ಆಗುವ ಅಪಾಯ ಹೆಚ್ಚು. ಅದಕ್ಕೇ ಮನೆಯಲ್ಲಿ ಕಾಯುತ್ತ ಕೂರಬಾರದು.

4. ಮೋಟಾರಿನ ಬಲ ಕುಂದುವುದು

ಹಳೆಯ ಅಟ್ಯಾಕ್, ಬಹುದಿನದ ಬಿಪಿ, ವಾಲ್ವ್ ದೋಷ, ಅತಿ ಕುಡಿತ ಇವುಗಳಿಂದ ಹೃದಯದ ಸ್ನಾಯು ಸೋಲುತ್ತದೆ. ಇದಕ್ಕೆ ಹಾರ್ಟ್ ಫೇಲ್ಯೂರ್ ಎನ್ನುತ್ತಾರೆ. ಹೃದಯ ನಿಂತಿದೆ ಎಂದು ಅರ್ಥವಲ್ಲ, ಪಂಪ್ ಮಾಡುವ ಶಕ್ತಿ ಇಳಿದಿದೆ ಎಂದರ್ಥ. ಕಾಲು ಬಾವು, ಮಲಗಿದರೆ ದಮ್ಮು, ರಾತ್ರಿ ಎದ್ದು ಕೂರುವಂತಾಗುವುದು, ಎರಡು ಮೂರು ದಿನದಲ್ಲಿ ಒಮ್ಮೆಲೆ ತೂಕ ಏರುವುದು ಇದರ ಲಕ್ಷಣ. ಇವರು ಉಪ್ಪು ಕಡಿಮೆ ಮಾಡಬೇಕು, ಡಾಕ್ಟರ್ ಹೇಳಿದಷ್ಟೇ ನೀರು ಕುಡಿಯಬೇಕು. ಕಲಬುರಗಿಯ ಬೇಸಿಗೆಯಲ್ಲಿ ಮೂತ್ರದ ಗುಳಿಗೆ ತಿನ್ನುವವರು ತಾವಾಗಿಯೇ ಡೋಸ್ ಬದಲಿಸದೆ ಒಮ್ಮೆ ಡಾಕ್ಟರ್ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು.

ಇವಲ್ಲದೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರ ಇರುವ ಮಕ್ಕಳಿದ್ದಾರೆ. ಹಾಲು ಕುಡಿಯುವಾಗ ಬೆವರುವುದು, ತೂಕ ಏರದಿರುವುದು, ಪದೇ ಪದೇ ನ್ಯುಮೋನಿಯಾ, ತುಟಿ ನೀಲಿಯಾಗುವುದು ಕಂಡರೆ ತೋರಿಸಬೇಕು. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಿ, ಮುಂದಿನ ಚಿಕಿತ್ಸೆಗೆ ಕಳಿಸುತ್ತದೆ.

ಗ್ಯಾಸೋ, ಹಾರ್ಟೋ?

ಹಾರ್ಟ್ ಅಟ್ಯಾಕ್‌ನ ನೋವು ಸಾಮಾನ್ಯವಾಗಿ ಎದೆಯ ನಡುವೆ ಕಲ್ಲು ಇಟ್ಟಂತೆ ಭಾರ, ಬಿಗಿತ ಅಥವಾ ಉರಿ. ಎಡಗೈ, ಎರಡೂ ಭುಜ, ದವಡೆ, ಬೆನ್ನಿಗೆ ಹರಡಬಹುದು. ತಣ್ಣನೆ ಬೆವರು, ವಾಂತಿ, ದಮ್ಮು, ಭಯ ಜೊತೆಗಿರಬಹುದು. 15–20 ನಿಮಿಷ ಆದರೂ ಹೋಗುವುದಿಲ್ಲ.

ಎಲ್ಲರಿಗೂ ಹೀಗೇ ಬರುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ನರಗಳು ಮಂದವಾಗಿ ನೋವೇ ಗೊತ್ತಾಗದಿರಬಹುದು. ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಬರೀ ಸುಸ್ತು, ದಮ್ಮು, ಹೊಟ್ಟೆಯ ಮೇಲ್ಭಾಗದ ಉರಿ ಇರಬಹುದು. ತೇಗು ಬಂದು ಹಗುರಾದ ಮಾತ್ರಕ್ಕೆ ಗ್ಯಾಸ್ ಎಂದು ತೀರ್ಮಾನಿಸಲಾಗದು. ಮನೆಯಲ್ಲಿ ಕೂತು ಇದನ್ನು ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಹೇಳುವುದು ಇಸಿಜಿ. ಮೊದಲ ಇಸಿಜಿ ಸರಿಯಿದ್ದರೂ ನೋವು ಮುಂದುವರಿದರೆ ಡಾಕ್ಟರು ಮತ್ತೊಮ್ಮೆ ತೆಗೆಯುತ್ತಾರೆ, ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿಸುತ್ತಾರೆ.

ಮೊದಲು ಎಲ್ಲಿಗೆ?

ಉತ್ತರ ಸರಳ: ಎಲ್ಲಿ ಬೇಗ ಇಸಿಜಿ ಸಿಗುತ್ತದೋ ಅಲ್ಲಿಗೆ. ಕರಜಗಿ, ಮಣ್ಣೂರ ಕಡೆಯವರು ಅಫಜಲಪುರವನ್ನು, ಖಜೂರಿ, ಮಾದನ ಹಿಪ್ಪರಗಾದವರು ಆಳಂದವನ್ನು, ಇಜೇರಿ, ಮಂದೇವಾಲದವರು ಜೇವರ್ಗಿಯನ್ನು ದಾಟಿ 'ದೊಡ್ಡ ದವಾಖಾನಿಗೇ ಹೋಗಮು' ಎಂದು ನೇರ ಕಲಬುರಗಿಗೋ ಸೊಲ್ಲಾಪುರಕ್ಕೋ ಹೊರಟರೆ, ದಾರಿಯಲ್ಲಿ ಬಡಿತ ನಿಂತಾಗ ಕಾರಿನಲ್ಲಿ ಮಾಡಲು ಏನೂ ಇರುವುದಿಲ್ಲ. ಕಲಬುರಗಿಗೇ ಹತ್ತಿರವಿರುವ ಹಳ್ಳಿಯವರು ನೇರ ಹೋಗುವುದು ಸರಿ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಅಟ್ಯಾಕ್ ಎಂದು ಗೊತ್ತಾದರೆ, ಕೊಡಲು ಅಡ್ಡಿಯಿಲ್ಲದ ರೋಗಿಗೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದರ ಬೆಲೆ ಹತ್ತಾರು ಸಾವಿರ ರೂಪಾಯಿ. ನೋವು ಶುರುವಾದ ಮೊದಲ ಎರಡು ಮೂರು ತಾಸಿನಲ್ಲಿ ಕೊಟ್ಟರೆ ಹೆಚ್ಚು ಲಾಭ, 12 ತಾಸು ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಇಂಜೆಕ್ಷನ್ ಕೊಟ್ಟು ನೋವು ಇಳಿಯಿತೆಂದು ಮನೆಗೆ ಮರಳಬಾರದು. ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಿ ಬ್ಲಾಕ್ ನೋಡಬೇಕು.

ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆಯನ್ನು 2024ರ ಡಿಸೆಂಬರ್ 22ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದ್ದಾರೆ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಹತ್ತಿರ ಇರಲಿ, ಆದರೆ ಅವನ್ನು ಹುಡುಕುತ್ತ ಹೊತ್ತು ಕಳೆಯುವುದು ಬೇಡ. ಕಾಗದ ಆಮೇಲೆ ತರಬಹುದು.

ಆ ಹೊತ್ತಿನಲ್ಲಿ ಮಾಡಬೇಕಾದ್ದು

* ಕೂಡಿಸಿ ಅಥವಾ ಒರಗಿಸಿ. ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ.
* 108ಕ್ಕೆ ಫೋನ್ ಮಾಡಿ 'ಎದಿ ನೋವು' ಎಂದೇ ಮೊದಲು ಹೇಳಿ. ಊರು, ಗುರುತು ಸರಿಯಾಗಿ ತಿಳಿಸಿ. ಆಂಬುಲೆನ್ಸ್ ತಡ ಎಂದರೆ ಬೇರೆ ಗಾಡಿ ಹಿಡಿಯಿರಿ. ನೋವಿರುವವರು ತಾವೇ ಬೈಕ್ ಓಡಿಸಿಕೊಂಡು ಹೋಗಬಾರದು, ಬೈಕಿನ ಹಿಂದೆ ಕೂರಿಸುವುದೂ ಅಪಾಯ.
* ಆಸ್ಪಿರಿನ್ ಅಲರ್ಜಿ, ಹೊಟ್ಟೆ ಹುಣ್ಣಿನ ರಕ್ತಸ್ರಾವ ಇಲ್ಲದವರಿಗೆ ಡಾಕ್ಟರ್ ಅಥವಾ 108ರವರು ಹೇಳಿದರೆ ಆಸ್ಪಿರಿನ್ ಅಗಿಯಲು ಕೊಡಿ. ನಾಲಿಗೆ ಕೆಳಗೆ ಇಡುವ ಗುಳಿಗೆಯನ್ನು ಮತ್ತೊಬ್ಬರದು ತಂದು ಕೊಡಬೇಡಿ. ಬಿಪಿ ಕುಸಿಯಬಹುದು.
* ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರಾಟ ಇಲ್ಲದಿದ್ದರೆ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ ಒತ್ತುತ್ತ ಇರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಬಾಯಿಗೆ ನೀರು ಹಾಕಬೇಡಿ.

ಅಂಗಡಿ, ಹೊಲ, ಅಡುಗೆಮನೆ

2025ರ ಮೇ–ಜೂನ್‌ನಲ್ಲಿ ಹಾಸನದ ಸಾವುಗಳ ಸುದ್ದಿ ಕೇಳಿ, ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಲಸಿಕೆಯಿಂದ ಹೀಗಾಯಿತು ಎಂಬ ಮಾತೂ ಹರಡಿತು. ಜಯದೇವ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಕೋವಿಡ್ ಲಸಿಕೆಗೂ ಹಠಾತ್ ಹೃದಯ ಸಾವುಗಳಿಗೂ ನೇರ ಸಂಬಂಧ ಇಲ್ಲ ಎಂದು ವರದಿ ಕೊಟ್ಟಿತು. ಭಯಪಟ್ಟು ಒಂದು ದಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ ವರ್ಷವಿಡೀ ಬಿಪಿ, ಸಕ್ಕರೆ ಹಿಡಿತದಲ್ಲಿ ಇಡುವುದು ಹೆಚ್ಚು ಕಾಯುತ್ತದೆ.

30 ದಾಟಿದವರು ವರ್ಷಕ್ಕೊಮ್ಮೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ನೋಡಿಸಿಕೊಳ್ಳಬೇಕು. ಬಿಪಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲಿದ್ದರೆ ಅದು ಕಾಯಿಲೆ. ತಲೆನೋವು ಇಲ್ಲ ಅಂದ ಮಾತ್ರಕ್ಕೆ ಬಿಪಿ ಇಲ್ಲ ಎಂದಲ್ಲ. ಗುಳಿಗೆ ತಿಂದು ಬಿಪಿ ಸರಿ ಬಂದಿದ್ದರೆ ಅದು ಗುಳಿಗೆಯ ಗುಣ, ನಿಲ್ಲಿಸಿದರೆ ಮತ್ತೆ ಏರುತ್ತದೆ.

ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪು ಹೃದಯಕ್ಕೆ ಒಳ್ಳೆಯ ಊಟವೇ. ಕೆಡಿಸುವುದು ಪಕ್ಕದಲ್ಲಿರುವ ಉಪ್ಪಿನಕಾಯಿ, ಹಪ್ಪಳ, ಮೇಲುಪ್ಪು ಮತ್ತು ಸಂಜೆಯ ಮಿರ್ಚಿ ಭಜಿ. ದಿನಕ್ಕೆ ಒಬ್ಬರಿಗೆ ಒಟ್ಟು ಒಂದು ಟೀ ಚಮಚೆಗಿಂತ ಕಡಿಮೆ ಉಪ್ಪು ಸಾಕು. ಗುಟ್ಕಾ, ಜರ್ದಾ, ಬೀಡಿ ಯಾವುದಾದರೂ ರಕ್ತನಾಳಕ್ಕೆ ಹಾನಿಯೇ. ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲೆ ಮೇಲೆ ಕೂರುವ ವ್ಯಾಪಾರಿಗಳು ದಿನಕ್ಕೆ ಅರ್ಧ ತಾಸು ಚುರುಕಾಗಿ ನಡೆಯಬೇಕು. ಹೊಲದಲ್ಲಿ ದುಡಿಯುವವರಿಗೆ ನಡಿಗೆ ಇದ್ದೇ ಇದೆ, ಅವರು ಬಿಡಬೇಕಾದ್ದು ತಂಬಾಕು.

ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ತಾಲೂಕು ಆಸ್ಪತ್ರೆಗೆ ಹೋದಾಗ ಎರಡೇ ಪ್ರಶ್ನೆ ಕೇಳ್ರಿ: ರಾತ್ರಿ ಹೊತ್ತು ಇಸಿಜಿ ತೆಗೀತಾರೇನು? ಹೃದಯ ಜ್ಯೋತಿ ಇಂಜೆಕ್ಷನ್ ಇಲ್ಲಿ ಸಿಗ್ತದೇನು? ಸಿಕ್ಕ ಉತ್ತರವನ್ನು, ಆಸ್ಪತ್ರೆಯ ಫೋನ್ ನಂಬರ್ ಮತ್ತು 108 ಜೊತೆ ಒಂದು ಚೀಟಿಯಲ್ಲಿ ಬರೆದು ಅಂಗಡಿಯ ಗಲ್ಲೆ ಹತ್ತಿರ, ಮನೆಯ ಬಾಗಿಲ ಹಿಂದೆ ಅಂಟಿಸಿ ಇಡ್ರಿ.